ಬೆಣ್ಣೆಯ ಘಮ, ಮುಚ್ಚಿದ ಉಸಿರು

ಮೊಸರು ಕಡೆದು ಬೆಣ್ಣೆ ತೇಲುವ ಹೊತ್ತಿಗೆ ಏಳುವ ಘಮದಲ್ಲಿ ಡೈಅಸಿಟೈಲ್ ಎಂಬ ಪುಟ್ಟ ಅಣುವಿನ ಪಾಲು ದೊಡ್ಡದು. ಹಾಲಿನಲ್ಲಿರುವ ಸಿಟ್ರೇಟನ್ನು ಹೆಪ್ಪಿನ ಕೆಲವು ಬ್ಯಾಕ್ಟೀರಿಯಾಗಳು ಅರಗಿಸಿಕೊಳ್ಳುವಾಗ ಇದು ಹುಟ್ಟುತ್ತದೆ. ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿದರೆ ಸಿಗುವುದು ಹಳದಿ ದ್ರವ. ಎರಡರ ಅಣುವೂ ಒಂದೇ. ಹಾಗಾಗಿ ನೈಸರ್ಗಿಕವೋ ಕೃತಕವೋ ಎಂಬ ವಾದದಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಗಮನಿಸಬೇಕಾದದ್ದು ಬೇರೊಂದು ಗುಣ: ಇದು 88 ಡಿಗ್ರಿ ಸೆಲ್ಸಿಯಸ್‌ಗೇ, ಅಂದರೆ ನೀರಿಗಿಂತ ಮೊದಲೇ ಕುದಿಯುತ್ತದೆ. ತುಸು ಬಿಸಿ ತಗುಲಿದರೆ ಸಾಕು, ಆವಿಯಾಗಿ ಗಾಳಿ ಸೇರುತ್ತದೆ. ಮೂಗಿಗೆ ಇಷ್ಟು ಬೇಗ ಘಮ ಮುಟ್ಟುವುದು ಅದರಿಂದಲೇ.

ಮಾರ್ಗರೀನ್, ಮಿಠಾಯಿ, ಮೈಕ್ರೋವೇವ್ ಪಾಪ್‌ಕಾರ್ನ್‌ಗಳಿಗೆ ಬೆಣ್ಣೆಯ ರುಚಿ ಕೊಡಲು ಇದನ್ನು ಬಳಸುತ್ತಾ ಬಂದರು. ಆಹಾರದಲ್ಲಿ ತೀರ ಸ್ವಲ್ಪ ಪ್ರಮಾಣದಲ್ಲಿ ತಿಂದರೆ ಸುರಕ್ಷಿತ ಎಂದು ಅಮೆರಿಕದ ಆಹಾರ ನಿಯಂತ್ರಕರು ಒಪ್ಪಿದ್ದರು. ಆ ಒಪ್ಪಿಗೆ ಹೊಟ್ಟೆಗೆ ಹೋಗುವ ಡೈಅಸಿಟೈಲ್ ಕುರಿತದ್ದು. ದಿನವಿಡೀ ಅದರ ಆವಿಯನ್ನು ಉಸಿರಾಡುವವರ ಗತಿಯೇನು ಎಂಬ ಪ್ರಶ್ನೆ ಅದರಲ್ಲಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾರ್ಮಿಕರ ಎದೆಯಲ್ಲಿ. 2000ದ ಮೇ ತಿಂಗಳಲ್ಲಿ ಮಿಸೌರಿ ರಾಜ್ಯದ ಆರೋಗ್ಯ ಇಲಾಖೆಗೆ ವೈದ್ಯರೊಬ್ಬರು ಎಂಟು ಜನರ ವಿಷಯ ತಿಳಿಸಿದರು. ಎಂಟೂ ಜನ ಒಂದೇ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದವರು, ಎಲ್ಲರಿಗೂ ಅಪರೂಪದ ಶ್ವಾಸಕೋಶದ ಕಾಯಿಲೆ. ಕೆಲವರು ಶ್ವಾಸಕೋಶದ ಕಸಿಗಾಗಿ ಸರದಿಯಲ್ಲಿದ್ದರು. ಬಿಸಿ ಮಾಡಿದ ಸೋಯಾ ಎಣ್ಣೆಗೆ ಬೆಣ್ಣೆಯ ಪರಿಮಳ ಬೆರೆಸುವ ತೊಟ್ಟಿಯ ಆಸುಪಾಸಿನ ಗಾಳಿಯಲ್ಲಿ ಡೈಅಸಿಟೈಲ್ ತುಂಬಿತ್ತು. ಕೆಲಸದಲ್ಲಿದ್ದ 117 ಜನರನ್ನು ಪರೀಕ್ಷಿಸಿದಾಗ, ಶ್ವಾಸನಾಳ ಕಟ್ಟಿಕೊಂಡವರು ನಿರೀಕ್ಷೆಗಿಂತ 3.3 ಪಟ್ಟು ಹೆಚ್ಚಿದ್ದರು. ಗುಣಮಟ್ಟ ನೋಡಲೆಂದು ದಿನವೂ ಪೊಟ್ಟಣದ ಮೇಲೆ ಪೊಟ್ಟಣ ಅರಳಿಸುತ್ತಿದ್ದವರೂ ಅವರಲ್ಲಿದ್ದರು.

ಕಾಯಿಲೆಯ ಹೆಸರು ಬ್ರಾಂಕಿಯೋಲೈಟಿಸ್ ಆಬ್ಲಿಟರೆನ್ಸ್. ಡೈಅಸಿಟೈಲ್ ಶ್ವಾಸನಾಳದ ಒಳಪದರದ ಪ್ರೋಟೀನುಗಳಿಗೆ ಅಂಟಿಕೊಂಡು ಕೋಶಗಳನ್ನು ಕೊಲ್ಲುತ್ತದೆ. ಗಾಯ ಮಾಯುವಾಗ ಬೆಳೆಯುವ ಕಲೆಯ ಅಂಗಾಂಶ ಅತಿ ಸಣ್ಣ ನಾಳಗಳನ್ನು ಮುಚ್ಚಿಬಿಡುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಬಿಡದ ಒಣ ಕೆಮ್ಮು. ಆಸ್ತಮಾ ಎಂದುಕೊಂಡು ಇನ್ಹೇಲರ್ ಕೊಟ್ಟರೆ ನಾಳ ಮತ್ತೆ ತೆರೆದುಕೊಳ್ಳುವುದಿಲ್ಲ. ಬೆಣ್ಣೆಯ ಘಮದಂಥ ಹಿತವಾದ ವಾಸನೆ ಯಾರನ್ನೂ ಎಚ್ಚರಿಸುವುದಿಲ್ಲ ಎಂಬುದೇ ನನಗೆ ಇದರಲ್ಲಿ ತೀರ ಕ್ರೂರವಾಗಿ ಕಾಣುವ ಸಂಗತಿ.

2007ರ ಸುಮಾರಿಗೆ ಅಮೆರಿಕದ ದೊಡ್ಡ ಪಾಪ್‌ಕಾರ್ನ್ ಕಂಪನಿಗಳು ಡೈಅಸಿಟೈಲ್ ಕೈಬಿಟ್ಟವು. ಅದರ ಜಾಗಕ್ಕೆ ಬಂದ 2,3-ಪೆಂಟೇನ್‌ಡೈಓನ್ ಅದಕ್ಕಿಂತ ಒಂದೇ ಒಂದು ಇಂಗಾಲದಷ್ಟು ದೊಡ್ಡದು. ಇಲಿಗಳ ಶ್ವಾಸನಾಳವನ್ನು ಅದೂ ಹಾಗೆಯೇ ಕೆಡಿಸಿತು. ಕಾರ್ಮಿಕರ ಆರೋಗ್ಯ ನೋಡುವ ಅಮೆರಿಕದ ಸಂಸ್ಥೆ ನಿಯೋಶ್ 2016ರಲ್ಲಿ ಎರಡಕ್ಕೂ ಮಿತಿ ಸೂಚಿಸಿತು. ಎಂಟು ಗಂಟೆಯ ಪಾಳಿಯಲ್ಲಿ ಡೈಅಸಿಟೈಲ್‌ನ ಸರಾಸರಿ ಗಾಳಿಯ ನೂರು ಕೋಟಿ ಪಾಲಿಗೆ 5 ಪಾಲು ಮೀರಬಾರದು.

ಪಾಪ್‌ಕಾರ್ನ್ ತಿನ್ನುವವರು ಹೆದರಬೇಕಿಲ್ಲ, ಮಜ್ಜಿಗೆ ಕಡೆಯುವವರಂತೂ ಇಲ್ಲವೇ ಇಲ್ಲ. ಆದರೆ ಹುರಿದ ಕಾಫಿಬೀಜ ಪುಡಿಯಾಗುವಾಗ ಯಾವ ಪರಿಮಳ ಬೆರೆಸದಿದ್ದರೂ ಈ ಎರಡೂ ಅಣುಗಳು ಹೊರಬರುತ್ತವೆ. ಅಮೆರಿಕದ ಕಾಫಿ ಘಟಕಗಳಲ್ಲಿ ಅವನ್ನು ಅಳೆದು ನೋಡಿದ್ದಾರೆ. ಭಾರತದ ಕಾಫಿಯ ಬಹುಪಾಲು ಬೆಳೆಯುವುದು ನಮ್ಮ ರಾಜ್ಯದಲ್ಲಿ. ಗಿರಣಿಯ ಮುಂದೆ ಇಡೀ ದಿನ ನಿಲ್ಲುವವರ ತಲೆಯ ಮೇಲೆ, ಆ ಆವಿಯನ್ನು ಹೊರಗೆಳೆಯುವ ಫ್ಯಾನ್ ತಿರುಗುತ್ತಿರಬೇಕು.