ಕಪಿಲೆಯೂ ಕೈಫೋನೂ

ಯಂತ್ರಗಳ ಮೇಲೆ ನನಗೆ ಮೊದಲಿನಿಂದಲೂ ಕೊಂಚ ಹೆಚ್ಚು ನಂಬಿಕೆ. 2019ರ ಆಗಸ್ಟಿನ ಒಂದು ಸಂಜೆ ಕೈಫೋನಿನ ನಕ್ಷೆ ತೋರಿದಂತೆ ಮೈಸೂರಿನಿಂದ ನಂಜನಗೂಡಿಗೆ ಸ್ಕೂಟರು ಹತ್ತಿದೆ. ಚೀಲದಲ್ಲಿ ಮಗುವಿನ ಜ್ವರದ ಔಷಧಿ. ಮಲ್ಲನಮೂಲೆ ಮಠದ ಬಳಿ ಎದುರಾದುದು ರಸ್ತೆಯಲ್ಲ, ಕಪಿಲೆ!

ಈ ನೆರೆಗೆ ನಮ್ಮೂರಿನ ಮಳೆಯೇ ಬೇಕೆಂದಿಲ್ಲ. ವಯನಾಡಿನಲ್ಲಿ ಸುರಿದುದು ಬೀಚನಹಳ್ಳಿಯ ಅಣೆಕಟ್ಟಿಗೆ ಬರುತ್ತದೆ. ಅದು ತನ್ನ 2284 ಅಡಿಯ ಮಟ್ಟ ಮುಟ್ಟಿತೆಂದರೆ ಬಂದ ನೀರನ್ನು ಕೆಳಕ್ಕೆ ಬಿಡದೆ ವಿಧಿಯಿಲ್ಲ. ಬಿಟ್ಟ ನೀರು ನಮ್ಮನ್ನು ತಲಪಲು ಕೆಲವು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಒಣಗಿದ್ದ ರಸ್ತೆ ಸಂಜೆಗೆ ಹೊಳೆ. ಮುಂದೆ ಟಿ. ನರಸೀಪುರದಲ್ಲಿ ಕಾವೇರಿಯೂ ತುಂಬಿ ಬಂದರೆ ಅಲ್ಲಿಯವರ ಪಾಡು ಕೇಳಬೇಕೆ?

ನಕ್ಷೆಯೋ, ರಸ್ತೆಯನ್ನು ಕಣ್ಣಾರೆ ಕಾಣುವುದಿಲ್ಲ. ಅಲ್ಲಿ ಚಲಿಸುವ ಫೋನುಗಳ ವೇಗದಿಂದ ದಟ್ಟಣೆಯನ್ನು ಎಣಿಸುತ್ತದೆ. ಫೋನುಗಳೇ ಇಲ್ಲದಿದ್ದರೆ ಹಿಂದಿನ ದಿನಗಳ ಲೆಕ್ಕ ಹಿಡಿಯುತ್ತದೆ. ರಸ್ತೆ ಮುಚ್ಚಿದೆಯೆಂದು ಯಾರಾದರೂ ತಿಳಿಸುವವರೆಗೆ, ನಿರ್ಜನವಾದ ದಾರಿ ಅದರ ಪಾಲಿಗೆ ಸಲೀಸಾದ ದಾರಿ.

ಬಳಸುದಾರಿ ಹಿಡಿದು ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಪಕ್ಕದ ಮನೆಯವರ ಔಷಧಿಯಲ್ಲಿ ಜ್ವರ ಇಳಿದಿತ್ತು. ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿಯನ್ನು ಹೆಂಡತಿ ಬೆಳಿಗ್ಗೆಯೇ ರೇಡಿಯೋದಲ್ಲಿ ಕೇಳಿದ್ದಳಂತೆ. ಹೇಳಬಾರದಿತ್ತೇ ಎಂದೆ. ಹೇಳಿದ್ದಳು, ಆಗ ನಾನು ಫೋನಿನಲ್ಲಿ ಹವಾಮಾನ ನೋಡುತ್ತಿದ್ದೆನಂತೆ.