ಶಾಲೆಯ ನರ್ಸ್ ಕೊಡುವ ಮಧ್ಯಾಹ್ನದ ಮಾತ್ರೆ

ಕಳೆದ ಮೇ ತಿಂಗಳಲ್ಲಿ ಹಳೆಯ ಪರಿಚಯದ ಹಿರಿಯ ಮಹಿಳೆಯೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಮಂಡಿನೋವಿಗೆ ಎಣ್ಣೆ ಬರೆಸಿಕೊಂಡ ಮೇಲೂ ಎದ್ದು ಹೋಗಲಿಲ್ಲ. ಹೊರಗೆ ಕಾಯುತ್ತಿದ್ದವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ಡಾಕ್ಟರ್ ಸಾಬ್, ಅಮೆರಿಕದಲ್ಲಿರುವ ನನ್ನ ಮಗಳ ಹುಡುಗನಿಗೆ ಶಾಲೆಯಲ್ಲೇ ದಿನಾ ಮಧ್ಯಾಹ್ನ ನರ್ಸ್ ಮಾತ್ರೆ ನುಂಗಿಸುತ್ತಾಳಂತೆ. ತುಂಟತನ ಮಾಡುತ್ತಾನೆಂದು ಒಂಬತ್ತು ವರ್ಷದ ಮಗುವಿಗೆ ಮಂಕು ಹಿಡಿಸುತ್ತಿದ್ದಾರಾ? ಜೂನ್ ಕೊನೆಗೆ ರಜೆಗೆ ಬರುತ್ತಾನೆ. ಬಂದ ಕೂಡಲೇ ಅದನ್ನೆಲ್ಲ ನಿಲ್ಲಿಸಿ ನಿಮ್ಮ ಖಮೀರಾ ಶುರು ಮಾಡೋಣ" ಎಂದರು.

ಓದುಗರೇ, ಈ ಅಜ್ಜಿಯ ಆತಂಕ ಅವರೊಬ್ಬರದಲ್ಲ. ಮಕ್ಕಳು, ಮೊಮ್ಮಕ್ಕಳು ಹೊರದೇಶದಲ್ಲಿರುವ ಎಷ್ಟೋ ಮನೆಗಳಲ್ಲಿ ಫೋನಿನ ಮೂಲಕ ಇಂಥ ಅರ್ಧಂಬರ್ಧ ಸುದ್ದಿ ಬರುತ್ತದೆ. ಭಯದಲ್ಲಿ ನಾವು ಕೊಡುವ ಸಲಹೆ ಮಗುವಿಗೆ ಹಾನಿ ಮಾಡಬಹುದು. ಆದ್ದರಿಂದ ಆ ಮಾತ್ರೆ ಯಾವುದು, ಅದನ್ನು ಶಾಲೆಯಲ್ಲೇ ಏಕೆ ಕೊಡುತ್ತಾರೆ, ಕೊಡುವಾಗ ಏನೇನು ಎಚ್ಚರ ವಹಿಸುತ್ತಾರೆ ಎಂಬುದನ್ನು ತಿಳಿದುಕೊಳ್ಳೋಣ.

ತುಂಟತನಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ

ಎಡಿಎಚ್‌ಡಿ ಎಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ. ಓಡುವುದು, ಹಾರುವುದು, ಪಾಠದ ಮಧ್ಯೆ ಕಿಟಕಿಯಾಚೆ ನೋಡುವುದು ಎಲ್ಲ ಮಕ್ಕಳ ಸ್ವಭಾವ. ಅದು ರೋಗವಲ್ಲ. ತನ್ನ ವಯಸ್ಸಿನ ಇತರ ಮಕ್ಕಳಿಗಿಂತ ಬಹಳ ಹೆಚ್ಚಾಗಿ, ಕನಿಷ್ಠ ಆರು ತಿಂಗಳ ಕಾಲ, ಶಾಲೆಯಲ್ಲೂ ಮನೆಯಲ್ಲೂ ಮಗುವಿಗೆ ಕುಳಿತಲ್ಲಿ ಕುಳಿತುಕೊಳ್ಳಲು, ಹಿಡಿದ ಕೆಲಸ ಮುಗಿಸಲು ಆಗುತ್ತಿಲ್ಲ, ಇದರಿಂದ ಅದರ ಕಲಿಕೆ ಮತ್ತು ಗೆಳೆತನಕ್ಕೆ ಪೆಟ್ಟು ಬೀಳುತ್ತಿದೆ ಎಂದಾದರೆ ಮಾತ್ರ ವೈದ್ಯರು ಈ ಹೆಸರು ಹೇಳುತ್ತಾರೆ. ಹನ್ನೆರಡು ವರ್ಷದೊಳಗೇ ಲಕ್ಷಣಗಳು ಕಾಣಿಸಿಕೊಂಡಿರಬೇಕು. ಕಿವಿ ಸರಿಯಾಗಿ ಕೇಳುತ್ತಿದೆಯೇ, ಕಣ್ಣು ಕಾಣುತ್ತಿದೆಯೇ, ನಿದ್ರೆ ಸಾಕಾಗುತ್ತಿದೆಯೇ, ಮನೆಯಲ್ಲಿ ಮಗುವನ್ನು ಕಾಡುವ ದುಃಖವೇನಾದರೂ ಇದೆಯೇ ಎಂದೂ ನೋಡಬೇಕು. ರಕ್ತ ಪರೀಕ್ಷೆಯಿಂದ ಇದು ತಿಳಿಯುವುದಿಲ್ಲ. ಹೆತ್ತವರು ಮತ್ತು ಶಿಕ್ಷಕರು ಕೊಡುವ ವಿವರಗಳೇ ಮುಖ್ಯ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಆರು ವರ್ಷ ತುಂಬದ ಮಕ್ಕಳಿಗೆ ಮೊದಲು ಮಾತ್ರೆ ಕೊಡುವುದಲ್ಲ, ಮಗುವಿನೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಹೆತ್ತವರಿಗೆ ತರಬೇತಿ ಕೊಡುವುದು. ಆರು ವರ್ಷ ತುಂಬಿದ ಮಕ್ಕಳಿಗೆ ಇಂಥ ತರಬೇತಿಯ ಜೊತೆಗೆ ಔಷಧವನ್ನೂ ಕೊಡುತ್ತಾರೆ.

ಮಧ್ಯಾಹ್ನವೇ ಏಕೆ?

ಈ ಮಕ್ಕಳಿಗೆ ಹೆಚ್ಚಾಗಿ ಬರೆದುಕೊಡುವ ಔಷಧ ಮಿಥೈಲ್‌ಫೆನಿಡೇಟ್. ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ರಸಾಯನತಜ್ಞ ಲಿಯಾಂಡ್ರೊ ಪನಿಝೊನ್ 1944ರಲ್ಲಿ ಇದನ್ನು ತಯಾರಿಸಿದರು. ಅವರ ಪತ್ನಿಯನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದರು. ರಿಟಾಲಿನ್ ಎಂಬ ಹೆಸರು ಅದರಿಂದಲೇ ಬಂತು.

ಇದು ಮಂಕು ಹಿಡಿಸುವ ಔಷಧವಲ್ಲ, ನಿದ್ರೆಯ ಗುಳಿಗೆಯೂ ಅಲ್ಲ. ಮಿದುಳಿನಲ್ಲಿ ಗಮನವನ್ನು ಹಿಡಿದಿಡಲು ನೆರವಾಗುವ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುವಂತೆ ಇದು ಮಾಡುತ್ತದೆ. ಕಾರಿಗೆ ಬ್ರೇಕ್ ಸರಿಪಡಿಸಿದಂತೆ ಎನ್ನಬಹುದು. ಓಡುವ ಶಕ್ತಿ ಹಾಗೆಯೇ ಇರುತ್ತದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಲು ಆಗುತ್ತದೆ. ಮಾತ್ರೆ ತೆಗೆದುಕೊಂಡ ಮಗು ಮಂಕಾಗಿ ಮೂಲೆ ಸೇರಿದರೆ ಪ್ರಮಾಣ ಹೆಚ್ಚಾಗಿದೆ ಅಥವಾ ಔಷಧ ಒಗ್ಗುತ್ತಿಲ್ಲ ಎಂದರ್ಥ. ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ಸಾದಾ ಮಾತ್ರೆಯ ಪರಿಣಾಮ ಸುಮಾರು ಅರ್ಧ ಗಂಟೆಯಲ್ಲಿ ಶುರುವಾಗಿ ಮೂರು ನಾಲ್ಕು ಗಂಟೆಗಳಲ್ಲಿ ಇಳಿಯುತ್ತದೆ. ಬೆಳಿಗ್ಗೆ ಏಳೂವರೆಗೆ ಮನೆಯಲ್ಲಿ ಕೊಟ್ಟದ್ದು ಊಟದ ಹೊತ್ತಿಗೆ ಮುಗಿಯಿತು. ಅಲ್ಲಿ ಶಾಲೆ ಮುಗಿಯುವುದು ಮಧ್ಯಾಹ್ನ ಎರಡೂವರೆ ಮೂರಕ್ಕೆ. ಉಳಿದ ಪಾಠಗಳಿಗೆ ಎರಡನೆಯ ಮಾತ್ರೆ ಬೇಕಾಗುತ್ತದೆ. ಇಷ್ಟೇ ಕಾರಣ. 1990ರ ದಶಕದಲ್ಲಿ ಅಮೆರಿಕದ ಅನೇಕ ಶಾಲೆಗಳಲ್ಲಿ ಊಟದ ಹೊತ್ತಿಗೆ ನರ್ಸಿನ ಕೋಣೆಯ ಮುಂದೆ ಮಕ್ಕಳ ಸಾಲು ನಿಲ್ಲುತ್ತಿತ್ತು. 2000ದಲ್ಲಿ ಕಾನ್ಸರ್ಟಾ ಎಂಬ, ಸುಮಾರು ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆಗೆ ಅಲ್ಲಿ ಅನುಮತಿ ಸಿಕ್ಕಿತು. ಆ ಮೇಲೆ ಬೆಳಗಿನ ಒಂದೇ ಮಾತ್ರೆ ಸಾಕಾಗುವ ಮಕ್ಕಳು ಹೆಚ್ಚಾದರು. ಆದರೆ ದೀರ್ಘಕಾಲದ ಮಾತ್ರೆಯಿಂದ ರಾತ್ರಿ ನಿದ್ರೆ ಕೆಡುವ ಮಕ್ಕಳಿಗೆ, ಅದರ ಬೆಲೆ ಭರಿಸಲಾಗದ ಮನೆಗಳಿಗೆ ಸಾದಾ ಮಾತ್ರೆಯೇ ಇಂದಿಗೂ ಅನುಕೂಲ.

ನರ್ಸ್ ಏನೇನು ಮಾಡುತ್ತಾರೆ?

ಅಮೆರಿಕದಲ್ಲಿ ಶಾಲಾ ನರ್ಸಿನ ಪರಂಪರೆ ಹಳೆಯದು. 1902ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಲೀನಾ ರೋಜರ್ಸ್ ಎಂಬವರು ಮೊದಲ ಶಾಲಾ ನರ್ಸ್ ಆಗಿ ಕೆಲಸ ಶುರು ಮಾಡಿದರು. ಕಣ್ಣಿನ ಸೋಂಕು, ಹುಳುಕಡ್ಡಿ, ಹೇನು ಎಂದು ಶಾಲೆಯಿಂದ ಮನೆಗೆ ಕಳುಹಿಸಲ್ಪಡುತ್ತಿದ್ದ ಬಡ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಮತ್ತೆ ತರಗತಿಗೆ ಸೇರಿಸುವುದು ಅವರ ಕೆಲಸವಾಗಿತ್ತು. ಮಗು ತರಗತಿಯಲ್ಲೇ ಉಳಿಯಬೇಕು ಎಂಬ ಆ ಉದ್ದೇಶವೇ ಮಧ್ಯಾಹ್ನದ ಮಾತ್ರೆಯ ಹಿಂದೆಯೂ ಇದೆ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆಯಾದರೂ ಕ್ರಮ ಹೆಚ್ಚುಕಡಿಮೆ ಒಂದೇ. ವೈದ್ಯರ ಲಿಖಿತ ಆದೇಶ ಬೇಕು, ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಮಗುವಿನ ಹೆಸರು, ಪ್ರಮಾಣ, ಹೊತ್ತು ನಮೂದಿಸಿದ ಚೀಟಿ ಇರುವ ಔಷಧ ಅಂಗಡಿಯ ಡಬ್ಬಿಯಲ್ಲೇ ಮಾತ್ರೆ ಬರಬೇಕು. ಅದನ್ನು ದೊಡ್ಡವರೇ ತಂದೊಪ್ಪಿಸಬೇಕು. ಮಗುವಿನ ಚೀಲದಲ್ಲಿ, ಊಟದ ಡಬ್ಬಿಯಲ್ಲಿ ಕಳುಹಿಸುವಂತಿಲ್ಲ. ನರ್ಸ್ ಮಾತ್ರೆಗಳನ್ನು ಎಣಿಸಿ, ಬರೆದಿಟ್ಟು, ಬೀಗ ಹಾಕಿದ ಕಪಾಟಿನಲ್ಲಿ ಇಡುತ್ತಾರೆ.

ಪ್ರತಿ ಸಲ ಕೊಡುವ ಮೊದಲು ಐದು ವಿಷಯ ತಾಳೆ ನೋಡುತ್ತಾರೆ: ಮಗು ಅದೇನಾ, ಔಷಧ ಅದೇನಾ, ಪ್ರಮಾಣ ಸರಿಯೇ, ಹೊತ್ತು ಸರಿಯೇ, ಕೊಡುವ ವಿಧಾನ ಸರಿಯೇ. ಮಗು ನುಂಗಿದ್ದನ್ನು ಖಚಿತಪಡಿಸಿಕೊಂಡು ದಾಖಲಿಸುತ್ತಾರೆ. ಇಷ್ಟು ಬಿಗಿ ಏಕೆಂದರೆ, 1971ರಿಂದ ಈ ಔಷಧ ಅಲ್ಲಿನ ಕಾನೂನಿನಲ್ಲಿ ಬಹಳ ಬಿಗಿ ನಿಯಂತ್ರಣದ ಎರಡನೆಯ ಪಟ್ಟಿಯಲ್ಲಿದೆ. ವೈದ್ಯರ ಉಸ್ತುವಾರಿಯಲ್ಲಿ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಸಾಮಾನ್ಯವಾಗಿ ಚಟ ಹಿಡಿಯುವುದಿಲ್ಲ. ಆದರೆ ಓದಿನ ಆಸೆಗೋ ಮೋಜಿಗೋ ಇದನ್ನು ಕದ್ದು ನುಂಗುವವರಿದ್ದಾರೆ. ಚೀಲದಲ್ಲಿರುವ ಮಾತ್ರೆ ಬೇರೆ ಮಗುವಿನ ಬಾಯಿಗೆ ಹೋಗಬಹುದು.

ನರ್ಸಿನ ಕೆಲಸ ಮಾತ್ರೆ ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ಈ ಔಷಧದಿಂದ ಹಸಿವು ಕಡಿಮೆಯಾಗಬಹುದು. ತಲೆನೋವು, ಹೊಟ್ಟೆನೋವು, ನಿದ್ರೆ ಬಾರದಿರುವುದು, ನಾಡಿಬಡಿತ ಮತ್ತು ರಕ್ತದೊತ್ತಡ ತುಸು ಏರುವುದು, ಬೆಳವಣಿಗೆ ಅಲ್ಪ ನಿಧಾನವಾಗುವುದೂ ಉಂಟು. ಊಟದ ಡಬ್ಬಿ ಹಾಗೇ ವಾಪಸಾಗುತ್ತಿದೆಯೇ, ತೂಕ ಇಳಿಯುತ್ತಿದೆಯೇ ಎಂದು ಗಮನಿಸಿ ನರ್ಸ್ ಮನೆಗೆ ತಿಳಿಸುತ್ತಾರೆ. ಆದರೆ ರೋಗ ನಿರ್ಧರಿಸುವ, ಪ್ರಮಾಣ ಬದಲಿಸುವ ಅಧಿಕಾರ ಅವರಿಗಿಲ್ಲ. ಎಲ್ಲ ಶಾಲೆಗಳಲ್ಲೂ ಪೂರ್ಣಾವಧಿ ನರ್ಸ್ ಇರುವುದಿಲ್ಲ. ಕೆಲವೆಡೆ ತರಬೇತಿ ಪಡೆದ ಕಚೇರಿ ಸಿಬ್ಬಂದಿ ಮಾತ್ರೆ ಕೊಡುತ್ತಾರೆ. ನಿಮ್ಮ ಮಗುವಿಗೆ ಕೊಡುವವರು ಯಾರು, ಅವರು ರಜೆ ಹಾಕಿದ ದಿನ ಯಾರು ಎಂದು ಕೇಳಿ ತಿಳಿದುಕೊಳ್ಳಿ.

ಶಾಲೆ ಒತ್ತಾಯಿಸಬಹುದೇ?

ಇಲ್ಲ. ಮಗುವಿನ ವರ್ತನೆ ಹೇಗಿದೆ ಎಂದು ಶಿಕ್ಷಕರು ಹೆತ್ತವರಿಗೆ ಹೇಳಬಹುದು, ಹೇಳಬೇಕು ಕೂಡ. ಆದರೆ "ಮಾತ್ರೆ ಶುರು ಮಾಡಿದರೆ ಮಾತ್ರ ತರಗತಿಗೆ ಸೇರಿಸುತ್ತೇವೆ" ಎಂದು ಷರತ್ತು ಹಾಕುವುದನ್ನು ಅಮೆರಿಕದ ವಿಶೇಷ ಶಿಕ್ಷಣ ಕಾಯ್ದೆಯ 2004ರ ತಿದ್ದುಪಡಿ ನಿಷೇಧಿಸಿದೆ. ಔಷಧ ಬೇಕೋ ಬೇಡವೋ ಎಂಬುದು ವೈದ್ಯರು ಮತ್ತು ಹೆತ್ತವರು ಕೂಡಿ ತೀರ್ಮಾನಿಸುವ ವಿಷಯ. ಪರದೇಶದಲ್ಲಿ ಹಕ್ಕಿನ ಅರಿವಿಲ್ಲದೆ ಹೆದರಿ ಒಪ್ಪುವ ತಾಯಂದಿರೂ ಇದ್ದಾರೆ, ಹೆದರಿ ಮುಚ್ಚಿಡುವವರೂ ಇದ್ದಾರೆ. ಎರಡೂ ಬೇಡ.

ನನ್ನಿಂದಾದ ತಪ್ಪು

ಅಜ್ಜಿ ಖಮೀರಾ ಕೇಳಿದಾಗ ನಾನು ಕೂಡಲೇ ಉತ್ತರಿಸದಿರಲು ಒಂದು ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಹೀಗೆಯೇ ರಜೆಗೆ ಬಂದಿದ್ದ ಹುಡುಗನ ತಾಯಿಗೆ, "ಇಷ್ಟು ಚಿಕ್ಕವನಿಗೆ ಈ ಮಾತ್ರೆ ಯಾಕೆ? ಬಿಟ್ಟುಬಿಡಿ, ಬಾದಾಮಿ ಹಾಲು ಕೊಡಿ" ಎಂದುಬಿಟ್ಟಿದ್ದೆ. ಅವನ ವೈದ್ಯರ ಕಾಗದವನ್ನೂ ನೋಡಿರಲಿಲ್ಲ. ಅವರು ನನ್ನ ಮಾತು ನಂಬಿದರು. ವರ್ಷದ ನಂತರ ಆ ತಾಯಿ ಬಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಓದಿನಲ್ಲಿ ಹಿಂದೆ ಬಿದ್ದದ್ದು ಹೋಗಲಿ ಡಾಕ್ಟ್ರೇ, ತಾನು ಕೆಟ್ಟ ಹುಡುಗ ಅಂತ ಅವನೇ ನಂಬಿಬಿಟ್ಟಿದ್ದಾನೆ." ಮಾತ್ರೆ ನಿಲ್ಲಿಸಿದ್ದನ್ನು ಅವರು ಶಾಲೆಗೂ ತಿಳಿಸಿರಲಿಲ್ಲ. ವರ್ಷವಿಡೀ ಶಿಕ್ಷೆ ತಿಂದದ್ದು ಮಗು.

ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಹೊತ್ತಿಗೆ ಸರಿಯಾದ ನಿದ್ರೆ, ಬೆಳಗಿನ ಹೊಟ್ಟೆತುಂಬ ಊಟ, ಬಯಲಲ್ಲಿ ಆಟ, ಮೊಬೈಲಿಗೆ ಮಿತಿ ಇವು ಈ ಮಕ್ಕಳಿಗೆ ನಿಜಕ್ಕೂ ನೆರವಾಗುತ್ತವೆ. ಆದರೆ ಇವು ಔಷಧದ ಜೊತೆಗೆ ಇರಬೇಕಾದವು, ಅದರ ಬದಲಿಗೆ ಅಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಂಚಲತೆ ಮತ್ತು ಗಮನದ ಕೊರತೆಯ ಲಕ್ಷಣಗಳು ವರ್ತನೆಯ ಚಿಕಿತ್ಸೆಯೊಂದರಿಂದಲೇ ಇಳಿದದ್ದಕ್ಕಿಂತ ಜಾಗ್ರತೆಯಿಂದ ನಿಭಾಯಿಸಿದ ಔಷಧದಿಂದ ಹೆಚ್ಚು ಇಳಿದಿದ್ದವು. ಆ ಮಾತ್ರೆಯ ಜಾಗವನ್ನು ತುಂಬುವ ಖಮೀರಾ ನನ್ನ ಕಪಾಟಿನಲ್ಲಿಲ್ಲ. ಇದೆ ಎಂದು ಹೇಳುವವರನ್ನು ನಂಬಬೇಡಿ.

ರಜೆಗೆ ಊರಿಗೆ ಬರುವವರಿಗೆ

ಶಾಲೆ ಮುಗಿಯುವಾಗ ನರ್ಸಿನ ಬಳಿ ಉಳಿದ ಮಾತ್ರೆಗಳನ್ನು ಮರೆಯದೆ ವಾಪಸ್ ಪಡೆಯಿರಿ. ಯಾರೂ ತೆಗೆದುಕೊಳ್ಳದಿದ್ದರೆ ಅವನ್ನು ನಾಶ ಮಾಡುತ್ತಾರೆ. ರಜೆಯಲ್ಲಿ ಮಾತ್ರೆ ಮುಂದುವರಿಸಬೇಕೇ, ಬಿಡುವು ಕೊಡಬಹುದೇ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಕೆಲವು ಮಕ್ಕಳಿಗೆ ಅವರೇ ಬಿಡುವು ಹೇಳುತ್ತಾರೆ. ನಾವಾಗಿ ನಿರ್ಧರಿಸುವುದು ಬೇಡ.

ಪ್ರಯಾಣದಲ್ಲಿ ಮಾತ್ರೆ ಮೂಲ ಡಬ್ಬಿಯಲ್ಲೇ, ಕೈಚೀಲದಲ್ಲೇ ಇರಲಿ. ವೈದ್ಯರ ಪತ್ರವೂ ಜೊತೆಗಿರಲಿ. ಯುಎಇಯಲ್ಲಿ ಇಳಿದು ಬರುವವರು, ಅಲ್ಲೇ ನೆಲೆಸಿರುವವರು ಅಲ್ಲಿನ ಸರ್ಕಾರದ ಪೂರ್ವಾನುಮತಿ ಪಡೆದೇ ಇಂಥ ಔಷಧ ಒಯ್ಯಬೇಕು. ನಮ್ಮ ದೇಶದಲ್ಲಿ ಮಿಥೈಲ್‌ಫೆನಿಡೇಟ್ ಔಷಧ ನಿಯಮಗಳ ಎಕ್ಸ್ ಪಟ್ಟಿಯಲ್ಲಿದೆ. ಇಲ್ಲಿನ ವೈದ್ಯರು ಎರಡು ಪ್ರತಿಗಳಲ್ಲಿ ಚೀಟಿ ಬರೆಯಬೇಕು. ಅಂಗಡಿಯವರು ಒಂದನ್ನು ಎರಡು ವರ್ಷ ಕಾಪಾಡಬೇಕು. ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಆದ್ದರಿಂದ ರಜೆಗೆ ಸಾಕಾಗುವಷ್ಟನ್ನು ನಿಯಮದ ಮಿತಿಯಲ್ಲಿ ತರುವುದೇ ಲೇಸು.

ದೀರ್ಘಕಾಲದ ಮಾತ್ರೆಯನ್ನು ಅಗಿಯಬಾರದು, ಪುಡಿ ಮಾಡಬಾರದು. ಕಾನ್ಸರ್ಟಾದಂಥ ಮಾತ್ರೆಯ ಹೊರಕವಚ ಮಲದಲ್ಲಿ ಹಾಗೇ ಕಾಣಿಸಿಕೊಳ್ಳಬಹುದು. ಔಷಧ ಒಳಗೆ ಇಳಿದಿರುತ್ತದೆ, ಗಾಬರಿ ಬೇಡ. ಒಂದು ಹೊತ್ತು ತಪ್ಪಿದರೆ ಮುಂದಿನ ಸಲ ಎರಡು ಕೊಡಬೇಡಿ. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡವರಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ನಾವು ಕೊಡುವ ಯುನಾನಿ ಔಷಧದ ಹೆಸರನ್ನೂ ಅವರಿಗೆ ತಿಳಿಸಿ.

ರಮಝಾನಿನ ಬಗ್ಗೆಯೂ ಕೇಳುತ್ತಾರೆ. ಪ್ರಾಯಕ್ಕೆ ಬಾರದ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ. ರೋಗಿಗೆ ರಿಯಾಯಿತಿಯೂ ಇದೆ. ಉಪವಾಸ ಹಿಡಿಯುವ ದೊಡ್ಡ ಮಕ್ಕಳಿಗೆ ಸಹರಿಯ ಹೊತ್ತಿಗೆ ದೀರ್ಘಕಾಲದ ಮಾತ್ರೆ ಹೊಂದುತ್ತದೆಯೇ ಎಂದು ತಿಂಗಳ ಮೊದಲೇ ವೈದ್ಯರಲ್ಲಿ ವಿಚಾರಿಸಿ, ಹೊಸ ಆದೇಶವನ್ನು ನರ್ಸಿಗೆ ಕೊಡಿ. "ಇವತ್ತಿನಿಂದ ಮಧ್ಯಾಹ್ನ ಬೇಡ" ಎಂದು ಮಗುವಿನ ಬಾಯಲ್ಲಿ ಹೇಳಿಸಿದರೆ ಸಾಲದು.

ಇಷ್ಟನ್ನೂ ಆ ದಿನ ಅಜ್ಜಿಗೆ ಬಿಡಿಸಿ ಹೇಳಿದೆ. "ಹಾಗಾದರೆ ನಾನೇನು ಮಾಡಲಿ?" ಎಂದರು. ಮಗಳಿಗೆ ಫೋನ್ ಮಾಡಿ ವೈದ್ಯರನ್ನು ಕೇಳಿಸಿ ಖಾಲಾ ಎಂದೆ. ರಜೆಯಲ್ಲೂ ಮುಂದುವರಿಸಿ ಎಂದು ವೈದ್ಯರು ಹೇಳಿದರಂತೆ. ಜುಲೈಯಲ್ಲಿ ಎಣ್ಣೆ ಮುಗಿಯಿತೆಂದು ಬಂದವರು ಚೀಲದಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ತೋರಿಸಿದರು. ಪ್ರತಿದಿನ ಮಧ್ಯಾಹ್ನದ ಮಾತ್ರೆ ಕೊಟ್ಟ ಹೊತ್ತು, ಹುಡುಗ ಎಷ್ಟು ಉಂಡ, ರಾತ್ರಿ ಎಷ್ಟಕ್ಕೆ ಮಲಗಿದ, ಎಲ್ಲ ಅದರಲ್ಲಿತ್ತು. ಡಬ್ಬಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. "ಬೀರುವಿನಲ್ಲಿ. ಕೀಲಿ ನನ್ನ ಹತ್ತಿರ" ಎಂದರು.