ನಿಂತ ಅಂಬಾಸಿಡರ್‌ಗೆ ಎಂಥ ಬ್ಯಾಟರಿ?

ನವಲಗುಂದ, ಅಣ್ಣಿಗೇರಿ ಸುತ್ತಿನ ಹಳ್ಳಿಗಳಲ್ಲಿ ಹಳೇ ಮನೆತನಗಳ ಹಿತ್ತಲಿಗೆ ಹೋಗಿ ನೋಡಿ. ಹೊಟ್ಟಿನ ಬಣವಿಯ ಪಕ್ಕ, ತಗಡಿನ ಶೆಡ್ಡಿನಲ್ಲಿ ಈಗಲೂ ಒಂದು ಅಂಬಾಸಿಡರ್ ನಿಂತಿರುತ್ತದೆ. ಕೆಲವರ ಮನೆಯಲ್ಲಿ ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ. ಕಲಘಟಗಿ ಕಡೆ ಮಹೀಂದ್ರಾ ಜೀಪು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಆದರೂ ಅಜ್ಜ ತಂದ ಗಾಡಿ ಮಾರಲು ಮನಸ್ಸು ಬಾರದೆ ಉಳಿಸಿಕೊಂಡವರು ಬಹಳ ಮಂದಿ.

ಈ ಗಾಡಿಗಳು ಹೊರಬೀಳುವುದು ವರ್ಷಕ್ಕೆ ನಾಲ್ಕೈದು ಸಲ. ಒಂದು ಮದುವೆ, ಒಂದು ಜಾತ್ರೆ, ಹೋಳಿ ಹುಣ್ಣಿಮೆ. ಸರಿಯಾಗಿ ಆ ದಿನವೇ ಕೀಲಿ ತಿರುವಿದರೆ ಬಾನೆಟ್ ಒಳಗಿಂದ ‘ಟಕ್’ ಅಂತ ಒಂದೇ ಸದ್ದು. ಆಮೇಲೆ ಮನೆ ಮಂದಿಯೆಲ್ಲ ಹೊಸ ಬಟ್ಟೆಯಲ್ಲೇ ಗಾಡಿ ದಬ್ಬಬೇಕು. ‘ಹ್ವಾದ ವರ್ಷನ ಹೊಸಾ ಬ್ಯಾಟ್ರಿ ಹಾಕ್ಸೇನಲ್ಲೋ ತಮ್ಮಾ, ಕಂಪನಿನ ಸರಿ ಇಲ್ಲೇನು?’ ಎಂದು ನಮ್ಮ ಕಾಕಾ ನನ್ನನ್ನೂ ಕೇಳಿದ್ದರು. ಕಂಪನಿಯದು ತಪ್ಪಿರಲಿಲ್ಲ. ನಾನು ನೋಡಿದ ಹಾಗೆ ಓಡಿ ಸತ್ತ ಬ್ಯಾಟರಿಗಿಂತ ನಿಂತು ಸತ್ತ ಬ್ಯಾಟರಿಯೇ ಹೆಚ್ಚು. ಹಾಗಾಗಿ ಹಳೇ ಗಾಡಿಗೆ ಬ್ಯಾಟರಿ ಆರಿಸುವಾಗ ‘ಎಷ್ಟು ಓಡುತ್ತದೆ’ ಎಂಬುದಕ್ಕಿಂತ ‘ಎಷ್ಟು ದಿನ ನಿಲ್ಲುತ್ತದೆ’ ಎಂಬ ಲೆಕ್ಕ ಮೊದಲು ಹಾಕಿ.

ಅದು ಯಾಕೆ ಅಂತ ತಿಳಿಯಲು ಪೆಟ್ಟಿಗೆಯೊಳಗೆ ಏನಿದೆ ನೋಡೋಣ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಮನೆಗಳಿರುತ್ತವೆ. ಇವಕ್ಕೆ ಸೆಲ್ ಎನ್ನುತ್ತಾರೆ. ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಪ್ರತಿ ಮನೆಯಲ್ಲೂ ಸೀಸದ ಪ್ಲೇಟುಗಳು, ಅವು ಮುಳುಗುವಷ್ಟು ನೀರು ಬೆರೆಸಿದ ಗಂಧಕಾಮ್ಲ. ಕರೆಂಟು ಕೊಡುವಾಗ ಆಮ್ಲದೊಳಗಿನ ಸಲ್ಫೇಟ್ ಹೋಗಿ ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಚಾರ್ಜ್ ಮಾಡಿದಾಗ ಅದು ಬಿಟ್ಟು ಮತ್ತೆ ಆಮ್ಲಕ್ಕೆ ಸೇರುತ್ತದೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿ ತೋರಿಸಿದ ಈ ಯುಕ್ತಿ ಇವತ್ತಿಗೂ ಅದೇ.

ಗಾಡಿ ಸುಮ್ಮನೆ ನಿಂತರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತ ಹೋಗುತ್ತದೆ. ಸಾಧಾರಣ ಹವೆಯಲ್ಲಿ ತಿಂಗಳಿಗೆ ನೂರಕ್ಕೆ ಐದರಷ್ಟು ಅಂತ ಇಟ್ಟುಕೊಳ್ಳಿ. ಬಿಸಿ 10 ಡಿಗ್ರಿ ಏರಿದರೆ ಈ ಇಳಿತ ಹೆಚ್ಚೂಕಡಿಮೆ ಇಮ್ಮಡಿ. ಏಪ್ರಿಲ್‌ನಲ್ಲಿ ಎರೆ ಸೀಮೆಯ ತಗಡಿನ ಶೆಡ್ಡು ಹೇಗೆ ಕಾಯುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲಿನ ಸಲ್ಫೇಟ್ ಹಳೇ ಹಂಡೆಯೊಳಗಿನ ಸುಣ್ಣದ ಪೊರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಪೂರ್ತಿ ಬಿಡುವುದಿಲ್ಲ. ಇದಕ್ಕೆ ಸಲ್ಫೇಶನ್ ಎಂದು ಹೆಸರು.

‘ವಾರಕ್ಕೊಮ್ಮೆ ಚಾಲೂ ಮಾಡಿ ಹತ್ತು ನಿಮಿಷ ಇಡ್ತೀನಿ’ ಅಂತೀರೇನೋ. ಹಳೇ ಗಾಡಿಗಳಲ್ಲಿ ಅದರಿಂದ ಲಾಭಕ್ಕಿಂತ ನಷ್ಟ ಹೆಚ್ಚು. ಇವುಗಳಲ್ಲಿ ಬಹಳಷ್ಟಕ್ಕೆ ಇರುವುದು ಡೈನಮೊ, ಈಗಿನ ಗಾಡಿಗಳ ಆಲ್ಟರ್ನೇಟರ್ ಅಲ್ಲ. ಎರಡೂ ಇಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಯಂತ್ರಗಳೇ. ಆದರೆ ಇಂಜಿನ್ ನಿಧಾನವಾಗಿ ತಿರುಗುವಾಗ ಡೈನಮೊ ಚಾರ್ಜನ್ನೇ ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣಿಮಿಣಿ ಅನ್ನುವುದು ಅದಕ್ಕೇ. ಸೆಲ್ಫ್ ಹೊಡೆದಾಗ ಹೋದ ಕರೆಂಟು ತಿರುಗಿ ಬರುವುದಿಲ್ಲ, ಪ್ರತಿ ವಾರ ಇನ್ನಷ್ಟು ಖಾಲಿ. ಅಣ್ಣಿಗೇರಿಯಿಂದ ಹುಬ್ಬಳ್ಳಿಯವರೆಗೆ ಒಮ್ಮೆ ಓಡಿಸಿ ತನ್ನಿ, ಅದು ಚಾರ್ಜು. ಅಂಗಳದಲ್ಲಿ ಗುರ್ ಅನ್ನಿಸಿದ್ದು ಚಾರ್ಜಲ್ಲ.

ಡೈನಮೊ ಇದ್ದ ಕಡೆ ‘ಕಟೌಟ್’ ಇರುತ್ತದೆ. ಚಾರ್ಜಿನ ಹದ ಕಾಯುವ ಪುಟ್ಟ ಪೆಟ್ಟಿಗೆಗೆ ನಮ್ಮ ಮಿಸ್ತ್ರಿಗಳು ಇಟ್ಟ ಹೆಸರದು. ಒಳಗೆ ತಂತಿ ಸುರುಳಿ, ಸ್ಪ್ರಿಂಗು, ಕೂಡುವ ಬಿಡುವ ಪಾಯಿಂಟುಗಳು. ಐವತ್ತು ವರ್ಷದ ಸ್ಪ್ರಿಂಗು ಹದ ತಪ್ಪುವುದು ಸಹಜ. ಒಮ್ಮೆ ಕಡಿಮೆ ಕೊಡುತ್ತದೆ, ಒಮ್ಮೆ ಅತಿಯಾಗಿ ಕೊಟ್ಟು ಬ್ಯಾಟರಿಯ ನೀರು ಕುದಿಸುತ್ತದೆ.

ಆದ್ದರಿಂದ ನನ್ನ ಮಾತು ಹೀಗೆ. ಡೈನಮೊ ಇರುವ ಹಳೇ ಗಾಡಿಗೆ ಮುಚ್ಚಳ ತೆಗೆದು ನೀರು ಹಾಕಲು ಬರುವ ಬ್ಯಾಟರಿಯನ್ನೇ ಕೊಳ್ಳಿ. ಮಾರುವವರು ‘ಮೆಂಟೆನೆನ್ಸ್ ಫ್ರೀ’ ಅಂತ, ಅಂದರೆ ಏನೂ ನೋಡಿಕೊಳ್ಳುವುದು ಬೇಡವೆಂದು, ಪೂರ್ತಿ ಮುಚ್ಚಿದ್ದನ್ನು ಮುಂದೆ ಸರಿಸುತ್ತಾರೆ. ಹೊಸ ಗಾಡಿಗೆ ಅದು ಸರಿ. ನಿಮ್ಮ ಕಟೌಟ್ ಕುದಿಸಿ ಹಾರಿಸಿದ ನೀರನ್ನು ಮತ್ತೆ ತುಂಬಲು ಮುಚ್ಚಿದ ಪೆಟ್ಟಿಗೆಯಲ್ಲಿ ದಾರಿಯೇ ಇಲ್ಲ. ಆಲ್ಟರ್ನೇಟರ್ ಹಾಕಿಸಿಕೊಂಡವರು ಮುಚ್ಚಿದ್ದನ್ನೂ ತರಬಹುದು. ಲಿಥಿಯಂ ಬ್ಯಾಟರಿಯ ಮಾತು ಯಾರಾದರೂ ತೆಗೆದರೆ ನಕ್ಕು ಸುಮ್ಮನಾಗಿ. ಅದಕ್ಕೆ ಬೇಕಾದ ಅಳತೆಯ ಚಾರ್ಜು ಈ ಡೈನಮೊದಿಂದ ಆಗದು.

ಇನ್ನು ಗಾತ್ರ. ಬ್ಯಾಟರಿಯ ಮೇಲೆ ಬರೆದಿರುವ ‘ಎಎಚ್’ ಅಂದರೆ ಆಂಪಿಯರ್ ಅವರ್, ಒಳಗೆ ಎಷ್ಟು ಕರೆಂಟು ಹಿಡಿಯುತ್ತದೆ ಎಂಬ ಅಳತೆ, ಕೊಡದ ಲೀಟರ್ ಇದ್ದ ಹಾಗೆ. ಪೆಟ್ರೋಲ್ ಫಿಯೆಟ್ಟಿಗೆ 35ರಿಂದ 45, ಪೆಟ್ರೋಲ್ ಅಂಬಾಸಿಡರ್‌ಗೆ 45ರ ಆಸುಪಾಸು ಸಾಕು. ಡೀಸೆಲ್ ಅಂಬಾಸಿಡರ್ ಮತ್ತು ಜೀಪಿಗೆ 65ರಿಂದ 80 ಬೇಕು. ಡೀಸೆಲ್ ಇಂಜಿನ್ ತಿರುಗಿಸಲು ಸೆಲ್ಫಿಗೆ ಹೆಚ್ಚು ಬಲ ಬೇಕು, ಹೀಟರ್ ಪ್ಲಗ್ ಇದ್ದರೆ ಅದೂ ಕರೆಂಟು ಎಳೆಯುತ್ತದೆ. ಗಾಡಿಯ ಪುಸ್ತಕ ಉಳಿದಿದ್ದರೆ ಅದರ ಮಾತೇ ಕೊನೆಯ ಮಾತು.

‘ಟ್ರ್ಯಾಕ್ಟರ್ ಬ್ಯಾಟ್ರಿ ಹಾಕಿದ್ರ ಆಗೂದಿಲ್ಲೇನು?’ ಹಳ್ಳಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಡೀಸೆಲ್ ಜೀಪಿಗೆ ಆಗುತ್ತದೆ, ತಟ್ಟೆಯಲ್ಲಿ ಸರಿಯಾಗಿ ಕೂತರೆ. ಫಿಯೆಟ್ಟಿಗೆ ಬೇಡ, ಕೂರುವುದೇ ಇಲ್ಲ. ಮನೆಯ ಇನ್ವರ್ಟರ್ ಬ್ಯಾಟರಿ ಮಾತ್ರ ಯಾವುದಕ್ಕೂ ಬೇಡ. ಅದನ್ನು ಮಾಡಿರುವುದು ತಾಸುಗಟ್ಟಲೆ ಸ್ವಲ್ಪ ಸ್ವಲ್ಪ ಕೊಡಲು. ಸೆಲ್ಫಿಗೆ ಬೇಕಾದ್ದು ಒಂದೆರಡು ಸೆಕೆಂಡು ನೂರಾರು ಆಂಪಿಯರ್.

ಈಗ ಅಂಗಡಿಯಲ್ಲಿ ಯಾರೂ ಹೇಳದ ಒಂದು ಸಂಗತಿ. ಬ್ಯಾಟರಿಯ ಮೇಲಿನ ಎರಡು ಸೀಸದ ಗೂಟಗಳಿಗೆ ಟರ್ಮಿನಲ್ ಎನ್ನುತ್ತಾರೆ. ಹಳೇ ಗಾಡಿಗಳ ಕ್ಲಾಂಪು ದಪ್ಪ ಗೂಟಕ್ಕೆ ಮಾಡಿದ್ದು. ಸಣ್ಣ ಮಾರುತಿ ಗಾಡಿಗಳಿಗೆ ಬರುವ 35 ಎಎಚ್ ಬ್ಯಾಟರಿಗಳಲ್ಲಿ ಗೂಟ ಸಣ್ಣ. ಕಾಕಾನ ಫಿಯೆಟ್ಟಿಗೆ ಒಂದು ಅಂಗಡಿಯಲ್ಲಿ ಅಂಥದ್ದನ್ನೇ ಕೊಟ್ಟು, ಕ್ಲಾಂಪು ಸಡಿಲವಾಯಿತೆಂದು ಸೀಸದ ಪಟ್ಟಿ ಸುತ್ತಿ ಬಿಗಿದು ಕಳಿಸಿದ್ದರು. ಯಮನೂರ ಜಾತ್ರೆಗೆ ಹೊರಟಾಗ ದಾರಿಯ ಕುಲುಕಾಟಕ್ಕೆ ಪಟ್ಟಿ ಜಾರಿತು. ಹಾರ್ನೂ ಇಲ್ಲ, ಸೆಲ್ಫೂ ಇಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿ ಭರ್ತಿ ಇದೆ, ಕ್ಲಾಂಪು ಕೈಯಲ್ಲಿ ಗಿರಗಿರ ತಿರುಗುತ್ತಿದೆ. ಹಾಗಾಗಿ ಅಂಗಡಿಗೆ ಹೋಗುವಾಗ ಹಳೇ ಬ್ಯಾಟರಿಯನ್ನೇ ಒಯ್ಯಿರಿ. ಆಗದಿದ್ದರೆ ಮೇಲಿನಿಂದ ಒಂದು ಫೋಟೊ ತೆಗೆದುಕೊಳ್ಳಿ, ಉದ್ದ ಅಗಲ ಎತ್ತರ ಅಳೆದುಕೊಳ್ಳಿ. ಪ್ಲಸ್ ಗೂಟ ಎಡಕ್ಕೋ ಬಲಕ್ಕೋ ನೋಡಿ. ಬದಲಾದರೆ ಕೇಬಲ್ ಮುಟ್ಟುವುದಿಲ್ಲ.

ತೀರ ಹಳೇ ಗಾಡಿ ಇದ್ದವರು ಇನ್ನೆರಡು ವಿಷಯ ಗಮನಿಸಿ. ಹಳೇ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ 6 ವೋಲ್ಟಿನವೂ ಇದ್ದವು. ಬ್ರಿಟಿಷ್ ವಿನ್ಯಾಸದ ಕೆಲವು ಕಾರುಗಳಲ್ಲಿ ಮೈನಸ್ ಬದಲು ಪ್ಲಸ್ ತಂತಿಯೇ ಬಾಡಿಗೆ ಕೂಡಿರುತ್ತದೆ. ಇದಕ್ಕೆ ಪಾಸಿಟಿವ್ ಅರ್ತ್ ಎಂದು ಹೆಸರು. ತಿಳಿಯದೆ ಉಲ್ಟಾ ಜೋಡಿಸಿದರೆ ಆಮೇಲೆ ಹಾಕಿಸಿದ ಟೇಪ್‌ರೆಕಾರ್ಡರು ಸುಡುತ್ತದೆ, ಆಲ್ಟರ್ನೇಟರ್ ಇದ್ದರೆ ಅದೂ ಹೋಗುತ್ತದೆ. ಬಿಚ್ಚುವ ಮೊದಲು ಯಾವ ತಂತಿ ಬಾಡಿಗೆ ಹೋಗಿದೆ ನೋಡಿ, ಬಣ್ಣದಿಂದ ಗುರುತು ಹಾಕಿ.

ಎಲ್ಲಿ ಕೊಳ್ಳುವುದು? ತಾಲ್ಲೂಕು ಊರುಗಳಲ್ಲೂ ಬ್ಯಾಟರಿ ಅಂಗಡಿಗಳಿವೆ. ಅಲ್ಲಿ ಹೆಚ್ಚಾಗಿ ಖರ್ಚಾಗುವುದು ಟ್ರ್ಯಾಕ್ಟರ್, ಬೈಕು, ಇನ್ವರ್ಟರ್‌ನವು. ನಿಮ್ಮ ಅಳತೆಯದು ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿರಬಹುದು. ಮಾರಾಟವಾಗದೆ ಕೂತ ಬ್ಯಾಟರಿಯೂ ನಿಂತ ಗಾಡಿಯ ಬ್ಯಾಟರಿಯಂತೆಯೇ ಇಳಿಯುತ್ತಿರುತ್ತದೆ. ತಯಾರಾದ ತಿಂಗಳು ಕೇಳಿ. ಮೂರು ತಿಂಗಳಿಗಿಂತ ಹಳೆಯದಾದರೆ ಬೇಡವೆನ್ನಿ. ನಿಮ್ಮೆದುರೇ ಮೀಟರ್ ಹಿಡಿಸಿ, 12.5 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಚಾರ್ಜ್ ಮಾಡಿ ಕೊಡಲು ಹೇಳಿ. ಹುಬ್ಬಳ್ಳಿಯಲ್ಲಿ ಆಯ್ಕೆ ಹೆಚ್ಚು, ಮಾಲೂ ಬೇಗ ಖರ್ಚಾಗುತ್ತದೆ. ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್, ಟಾಟಾ ಗ್ರೀನ್ ಇವುಗಳಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನಾನಿಲ್ಲ. ವಾರಂಟಿಗೆ ನಿಮ್ಮ ಊರಿನ ಹತ್ತಿರ ಯಾರು ಸಿಗುತ್ತಾರೋ ಅವರದ್ದು ಕೊಳ್ಳಿ.

ಬೆಲೆ ಗಾತ್ರದ ಮೇಲೆ. 35 ಎಎಚ್‌ನದು ಸುಮಾರು ನಾಲ್ಕು ಸಾವಿರದ ಆಚೀಚೆ, 80ರದ್ದು ಅದರ ಇಮ್ಮಡಿ ಅಂತ ಅಂದಾಜು ಇಟ್ಟುಕೊಂಡು ಹೋಗಿ. 2025ರ ಸೆಪ್ಟೆಂಬರ್ 22ರಿಂದ ಈ ಬ್ಯಾಟರಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಳೇ ದರಪಟ್ಟಿ ತೋರಿಸಿದರೆ ಕೇಳಿ. ವಾರಂಟಿ ‘24+24’ ಎಂದಿದ್ದರೆ ನಾಲ್ಕು ವರ್ಷ ಪುಕ್ಕಟೆ ಅಂತ ತಿಳಿಯಬೇಡಿ. ಮೊದಲ 24 ತಿಂಗಳು ಕೆಟ್ಟರೆ ಪುಕ್ಕಟೆ ಬದಲಿ. ಉಳಿದ 24 ತಿಂಗಳು ಹೊಸದರ ಬೆಲೆಯಲ್ಲಿ ಒಂದಿಷ್ಟು ಸೋಡಿ, ಅಷ್ಟೇ. ಕಾರ್ಡಿಗೆ ಸಿಕ್ಕಾ ಹೊಡೆಸಿ, ಬಿಲ್ಲು ಜೋಪಾನವಾಗಿಡಿ.

ತಂದ ಮೇಲೆ ಮೊದಲ ಕೆಲಸ ಬಿಗಿಯಾಗಿ ಕೂರಿಸುವುದು. ಸೈಕಲ್ ಟ್ಯೂಬಿನಿಂದ ಕಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮ ರಸ್ತೆಗಳಲ್ಲಿ ಆ ಕುಣಿತಕ್ಕೆ ಪ್ಲೇಟಿನ ಲೇಪ ಉದುರಿ ತಳದಲ್ಲಿ ಕೂರುತ್ತದೆ. ಕಬ್ಬಿಣದ ಪಟ್ಟಿ, ಎರಡು ಬೋಲ್ಟು, ಕೆಳಗೊಂದು ರಬ್ಬರ್ ತುಂಡು ಸಾಕು. ಬಿಚ್ಚುವಾಗ ಬಾಡಿಗೆ ಹೋಗುವ ತಂತಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಹೀಗೆ ಮಾಡಿದರೆ ಇನ್ನೊಂದು ತಂತಿ ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಬೀಡಿ ದೂರವಿರಲಿ.

ಕಲಘಟಗಿಯ ಮಳೆಯಲ್ಲಿ ಗೂಟದ ಸುತ್ತ ಬಿಳಿ ಹಸಿರು ಬೂಷ್ಟು ಬೇಗ ಕಟ್ಟುತ್ತದೆ. ಕೇಬಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೊರೆ ಬಂದು ಬಿಡುತ್ತದೆ. ಸೋಡಾ ನೀರು ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಒರೆಸಿ, ಕೇಬಲ್ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಒಳಗೆ ನೀರು ಇಳಿದಿದ್ದರೆ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರಿನಲ್ಲಿ ಉಪ್ಪು ಸುಣ್ಣ ಎಲ್ಲ ಇರುತ್ತದೆ. ಆಸಿಡ್ ಅಂತೂ ಹಾಕಲೇಬೇಡಿ, ಕಡಿಮೆಯಾಗಿರುವುದು ನೀರು, ಆಸಿಡ್ ಅಲ್ಲ.

ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಹಿಡಿಯಿರಿ. 12.6 ಬಂದರೆ ಭರ್ತಿ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚೂಕಡಿಮೆ ಖಾಲಿ. ಚಾಲೂ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರೊಳಗೆ ಇರಬೇಕು. 13 ದಾಟದಿದ್ದರೆ ಡೈನಮೊ ಚಾರ್ಜ್ ಕೊಡುತ್ತಿಲ್ಲ. 15 ಮುಟ್ಟಿದರೆ ಕಟೌಟ್ ಕುದಿಸುತ್ತಿದೆ. ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮುನ್ನ ಈ ಪರೀಕ್ಷೆ ಮಾಡಿದ್ದರೆ ಎಷ್ಟೋ ಜನರ ಖರ್ಚು ಉಳಿಯುತ್ತಿತ್ತು.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬಾಡಿಯ ತಂತಿ ಬಿಚ್ಚಿಡಿ. ಈ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ಬಿಚ್ಚಿದರೆ ಏನೂ ಮರೆಯುವುದಿಲ್ಲ. ಕರೆಂಟು ಎಲ್ಲೋ ಸೋರುತ್ತಿದೆ ಅನ್ನಿಸಿದರೆ ಬಿಚ್ಚಿದ ಕೇಬಲ್ಲಿಗೂ ಗೂಟಕ್ಕೂ ನಡುವೆ ಒಂದು 12 ವೋಲ್ಟಿನ ಸಣ್ಣ ಬಲ್ಬ್ ಹಿಡಿಯಿರಿ. ಎಲ್ಲ ಸ್ವಿಚ್ ಆರಿಸಿ, ಬಾಗಿಲು ಹಾಕಿದ ಮೇಲೂ ಬಲ್ಬ್ ಹತ್ತಿದರೆ ಯಾವುದೋ ವೈರು ಕದಿಯುತ್ತಿದೆ. ತಿಂಗಳಿಗೊಮ್ಮೆ ಚಾರ್ಜರ್ ಹಚ್ಚಿ, ಎಎಚ್‌ನ ಹತ್ತನೇ ಒಂದು ಪಾಲು ಆಂಪಿಯರ್ ಸಾಕು. 45ರ ಬ್ಯಾಟರಿಗೆ ನಾಲ್ಕೂವರೆ. ತಾನಾಗಿ ನಿಲ್ಲುವ ಚಾರ್ಜರ್ ಆದರೆ ಒಳ್ಳೆಯದು. ಕರೆಂಟಿನ ನಂಬಿಕೆ ಇಲ್ಲದಿದ್ದರೆ ಶೆಡ್ಡಿನ ತಗಡಿನ ಮೇಲೆ 10 ವ್ಯಾಟಿನ ಸೋಲಾರ್ ಪ್ಯಾನಲ್, ಜೊತೆಗೊಂದು ಕಂಟ್ರೋಲರ್ ಇಟ್ಟರೂ ನಡೆಯುತ್ತದೆ. ಆಗ ಕಂಟ್ರೋಲರ್‌ನ ತಂತಿ ಬ್ಯಾಟರಿಗೇ ನೇರ ಹೋಗಲಿ. ಬ್ಯಾಟರಿ ನೆಲದ ಮೇಲಿಟ್ಟರೆ ಇಳಿಯುತ್ತದೆ ಎಂಬ ಮಾತು ಹಳೇ ಕಾಲದ ಕಟ್ಟಿಗೆ, ರಬ್ಬರ್ ಪೆಟ್ಟಿಗೆಗಳದ್ದು. ಈಗಿನ ಪ್ಲಾಸ್ಟಿಕ್ಕಿಗೆ ಅದು ಅನ್ವಯಿಸದು. ಮಗು ಮುಟ್ಟದ ಕಡೆ ಇಟ್ಟರಾಯಿತು.

ಸತ್ತ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಹೊಸದು ಕೊಳ್ಳುವಾಗ ಹಳೆಯದನ್ನು ಕೊಟ್ಟರೆ ಅಂಗಡಿಯವರು ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಅದನ್ನು ವಾಪಸು ಪಡೆದು ಕರಗಿಸುವ ವ್ಯವಸ್ಥೆ ಮಾಡುವುದು ತಯಾರಕರ ಹೊಣೆ. ರದ್ದಿಯವನಿಗೆ ಕೊಟ್ಟರೆ ಆಸಿಡ್ ನಿಮ್ಮೂರ ಚರಂಡಿಗೇ ಬೀಳುತ್ತದೆ. ಕೊಡುವ ಮುನ್ನ ಒಂದು ನೆನಪಿರಲಿ: ಹಳೇ ದಪ್ಪ ಕ್ಲಾಂಪುಗಳನ್ನೂ ಕಬ್ಬಿಣದ ಪಟ್ಟಿ, ಬೋಲ್ಟುಗಳನ್ನೂ ಬಿಚ್ಚಿ ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಅವು ಬ್ಯಾಟರಿಯ ಜೊತೆಗೇ ಹೋಗಿಬಿಟ್ಟರೆ ಅಷ್ಟು ಗಟ್ಟಿಯವು ಮತ್ತೆ ಸಿಗುವುದು ಕಷ್ಟ.